ವಕಾಲತ್ತಿಗೆ ಸಹಿ ಹಾಕಿಸುವ ಮೊದಲು ಫೀಸು ಎಷ್ಟೆಂದು ಬರೆದು ಕೊಡಿ

ಗೆ,
ಮಾನ್ಯ ಕಾರ್ಯನಿರ್ವಾಹಕ ಅಧ್ಯಕ್ಷರು,
ಕರ್ನಾಟಕ ರಾಜ್ಯ ಕಾನೂನು ಸೇವಾ ಪ್ರಾಧಿಕಾರ, ಬೆಂಗಳೂರು.
ಹಾಗೂ ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ವಕೀಲ ಬಾಂಧವರಿಗೆ.

ಮಾನ್ಯರೇ,

ನಾನು ವಕೀಲನಲ್ಲ, ಕಕ್ಷಿದಾರನೂ ಅಲ್ಲ. ಇಬ್ಬರ ನಡುವೆ ಕೂತು ಟೈಪ್ ಮಾಡುವವನು. ರಾಯಚೂರು ಜಿಲ್ಲೆಯ ಒಂದು ತಾಲೂಕು ಕೋರ್ಟಿನ ಕಾಂಪೌಂಡಿಗೆ ಹತ್ತಿಕೊಂಡ ತಗಡಿನ ಶೆಡ್ಡಿನಲ್ಲಿ ಇಪ್ಪತ್ತಾರು ವರ್ಷದಿಂದ ನನ್ನ ಟೇಬಲ್ಲಿದೆ. ಮೊದಲು ಅದರ ಮೇಲೆ ಕನ್ನಡ ಟೈಪ್‌ರೈಟರ್ ಇತ್ತು, ಈಗ ನುಡಿ ಎಂಬ ಕನ್ನಡ ತಂತ್ರಾಂಶ ಹಾಕಿದ ಕಂಪ್ಯೂಟರ್ ಇದೆ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆಯಿಂದ ಯಾವ ವಕೀಲರೂ ನನ್ನ ಕಡೆ ಫೈಲು ಕಳಿಸುವುದಿಲ್ಲ. ನನ್ನ ಮನೆಯೂ ನಡೆಯಬೇಕಲ್ಲ.

ದಿನಕ್ಕೆ ನಾಲ್ಕಾರು ಮಂದಿಯಾದರೂ ನನ್ನ ಕಿವಿಯ ಹತ್ತಿರ ಬಗ್ಗಿ ಒಂದೇ ಮಾತು ಕೇಳುತ್ತಾರೆ: “ಅಣ್ಣಾ, ಸಾಹೇಬ್ರ ಫೀಸು ಎಷ್ಟಾಗಬಹುದ್ರೀ?” ಸಾಹೇಬರನ್ನೇ ಕೇಳುವ ಧೈರ್ಯ ಅವರಿಗಿಲ್ಲ. ಧೈರ್ಯ ಮಾಡಿ ಕೇಳಿದವರಿಗೂ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: “ಮೊದ್ಲು ಸಹಿ ಮಾಡು, ಅದೆಲ್ಲ ಆಮ್ಯಾಲೆ ನೋಡೋಣು.” ಎಪಿಎಂಸಿಯಲ್ಲಿ ಹತ್ತಿ ತೂಗುವಾಗ ಅರ್ಧ ಕಿಲೋ ಹೊಡೆದರೆ ಅಂಗಿ ಹಿಡಿದು ಜಗಳಕ್ಕೆ ನಿಲ್ಲುವ ರೈತ, ಸಂತೆಯಲ್ಲಿ ಬದನೆಕಾಯಿಗೆ ಎರಡು ರೂಪಾಯಿ ಚೌಕಾಸಿ ಮಾಡುವ ಹೆಣ್ಣುಮಗಳು, ಕೋರ್ಟಿನ ಗೇಟು ದಾಟಿದ ಕೂಡಲೇ ದರ ಕೇಳುವುದನ್ನೇ ಮರೆತುಬಿಡುತ್ತಾರೆ.

ವಕಾಲತ್ತು ಅಂದರೆ ಈ ವಕೀಲರೇ ನನ್ನ ಪರ ನಿಲ್ಲಲಿ ಎಂದು ಕಕ್ಷಿದಾರ ಸಹಿ ಹಾಕುವ ಕಾಗದ. ಅದರ ನಮೂನೆಯನ್ನು ನಾನು ಸಾವಿರಾರು ಸಲ ತುಂಬಿದ್ದೇನೆ. ಕೋರ್ಟಿನ ಹೆಸರಿಗೆ ಜಾಗವಿದೆ. ವಾದಿ, ಪ್ರತಿವಾದಿಗೆ ಜಾಗವಿದೆ. ರಾಜಿ ಮಾಡಿಕೊಳ್ಳುವ, ಹಣ ಪಡೆಯುವ, ದಾಖಲೆ ವಾಪಸ್ ಪಡೆಯುವ ಅಧಿಕಾರ ಕೊಟ್ಟಿದ್ದೇನೆ ಎನ್ನುವ ಸಾಲುಗಳು ಅಚ್ಚಾಗಿಯೇ ಬರುತ್ತವೆ. ವಕೀಲರ ಕಲ್ಯಾಣ ನಿಧಿಯ ಸ್ಟಾಂಪು ಅಂಟಿಸಲೂ ಜಾಗವಿದೆ, ಇರಲಿ, ಅದು ಒಳ್ಳೆಯದೇ. ಈ ಕೆಲಸಕ್ಕೆ ಇಷ್ಟು ದುಡ್ಡು ಎಂದು ಬರೆಯಲು ಮಾತ್ರ ಒಂದು ಸಾಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಅಂಥ ಒಂದು ಸಾಲನ್ನು ನನ್ನ ಕಡೆ ಟೈಪ್ ಮಾಡಿಸಿದ ವಕೀಲರು ಇಬ್ಬರು. ಅವರಲ್ಲಿ ಒಬ್ಬರು ಈಗಿಲ್ಲ.

ಈ ಪತ್ರಕ್ಕೆ ಕಾರಣವಾದ ಸಂಗತಿ ನಮ್ಮ ಮನೆಯದೇ.

ನನ್ನ ತಂಗಿಯ ಗಂಡ ರೈಸ್ ಮಿಲ್ಲಿನಲ್ಲಿ ಹಮಾಲಿ. ಒಂದು ರಾತ್ರಿ ಪಾಳಿ ಮುಗಿಸಿ ಬೈಕಿನ ಮೇಲೆ ಬರುವಾಗ ಹಿಂದಿನಿಂದ ಲಾರಿ ಬಡಿದು ತೀರಿಕೊಂಡ. ಪರಿಹಾರದ ಅರ್ಜಿಯನ್ನು ನಾನೇ ಟೈಪ್ ಮಾಡಿದೆ. ಗೊತ್ತಿದ್ದ ವಕೀಲರೊಬ್ಬರ ಕೈಯಲ್ಲಿ ಕೇಸು ಕೊಟ್ಟೆವು. “ಈಗ ನೀವೇನೂ ಕೊಡಬ್ಯಾಡ್ರಿ, ಬಂದ ಮ್ಯಾಲ ನೋಡೋಣು” ಎಂದರು. ಎಷ್ಟು ದೊಡ್ಡ ಮನಸ್ಸು ಎಂದುಕೊಂಡೆ. ಹಾಗೆ ಅಂದುಕೊಂಡದ್ದು ತಪ್ಪೂ ಅಲ್ಲ. ನಾಲ್ಕು ವರ್ಷ ಅವರು ಒಂದು ವಾಯಿದೆಯನ್ನೂ ತಪ್ಪಿಸಲಿಲ್ಲ. ಇನ್ಶೂರೆನ್ಸ್ ಕಂಪನಿಯ ವಕೀಲರು ಕೂಲಿಗೆ ದಾಖಲೆ ಎಲ್ಲಿ ಎಂದು ಕೇಳಿದಾಗ ಮಿಲ್ಲಿನ ಮುಕಾದಮನನ್ನು ಸಾಕ್ಷಿಕಟ್ಟೆಗೆ ಕರೆತಂದು ಹೇಳಿಸಿದರು. ಬಡ್ಡಿ ಸೇರಿ 9 ಲಕ್ಷದ ಚಿಲ್ಲರೆ ಆಯಿತು. ನ್ಯಾಯಾಧೀಶರು ಒಂದು ಪಾಲನ್ನು ತಂಗಿ ಮತ್ತು ಮಕ್ಕಳ ಹೆಸರಿನಲ್ಲಿ ಡಿಪಾಜಿಟ್ ಇಡಲು ಹೇಳಿ, ಉಳಿದದ್ದನ್ನು ಖಾತೆಗೆ ಹಾಕಲು ಆದೇಶ ಮಾಡಿದರು.

ಹಣ ಜಮಾ ಆದ ದಿನ ತಂಗಿಯ ಜೊತೆ ಬ್ಯಾಂಕಿಗೆ ಹೋದೆ. ಬಾಗಿಲಲ್ಲಿ ವಕೀಲರ ಗುಮಾಸ್ತ ಬೈಕು ನಿಲ್ಲಿಸಿಕೊಂಡು ಕೂತಿದ್ದ. ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿ ನೋಡಿದರೆ ಬಂದ ಸಾಲಿನ ಕೆಳಗೇ ಹೋದ ಸಾಲೂ ಇತ್ತು: 1,80,000. ಯಾವಾಗಲೋ ಖಾತೆ ತೆರೆಯುವ ದಿನ ವಕೀಲರ ಕಡೆಯವರು ತಂಗಿಯಿಂದ ಸಹಿ ಮಾಡಿಸಿಕೊಂಡಿದ್ದ ಖಾಲಿ ಚೆಕ್ಕು ಅದು. ತಂಗಿ ಪಾಸ್‌ಬುಕ್ಕನ್ನು ನನ್ನ ಕೈಗೆ ಕೊಟ್ಟು, “ಅಣ್ಣಾ, ಇದೇನು ಕಡಿಮಿ ತೋರಸ್ತದ?” ಎಂದಳು. ನಾನು ಟೈಪ್ ಮಾಡಿದ ಅರ್ಜಿಯಲ್ಲಿ ಎಲ್ಲವೂ ಇತ್ತು. ಸತ್ತವನ ವಯಸ್ಸು, ದಿನದ ಕೂಲಿ, ಅವಲಂಬಿತರು ಎಷ್ಟು ಮಂದಿ, ಶವಸಂಸ್ಕಾರದ ಖರ್ಚು. ವಕೀಲರ ಫೀಸು ಎಷ್ಟೆಂಬುದೊಂದು ಇರಲಿಲ್ಲ. ಅವಳಿಗೆ ಏನು ಹೇಳಲಿ?

ಆ ವಕೀಲರ ಮೇಲೆ ನನಗೆ ಇವತ್ತಿಗೂ ಪೂರ್ತಿ ಸಿಟ್ಟು ಬರುವುದಿಲ್ಲ. ಕೆಲಸ ಮಾಡಿದ್ದಾರೆ, ಚೆನ್ನಾಗಿಯೇ ಮಾಡಿದ್ದಾರೆ. ಮೊದಲ ದಿನವೇ “ಒಂದು ಲಕ್ಷ ಆಗ್ತದ, ಬಂದ ಮ್ಯಾಲ ಕೊಡ್ರಿ” ಎಂದಿದ್ದರೆ ಸಂತೋಷದಿಂದ ಕೊಡುತ್ತಿದ್ದೆವು, ಹಬ್ಬಕ್ಕೆ ಹೋಳಿಗೆಯನ್ನೂ ಕಳಿಸುತ್ತಿದ್ದೆವು. ಹೇಳದೆ ತೆಗೆದುಕೊಂಡದ್ದರಿಂದ ಫೀಸು ಎನ್ನುವುದು ಕಳವಿನಂತೆ ಕಂಡಿತು. ಮುಖ ಕೊಟ್ಟು ಮಾತಾಡುವುದು ಇಬ್ಬರಿಗೂ ತಪ್ಪಿಹೋಯಿತು.

ಪರಿಹಾರದಲ್ಲಿ ಇಷ್ಟು ಪಾಲು ಎಂದು ವಕೀಲರು ಮಾತಾಡಿಕೊಳ್ಳುವಂತೆಯೇ ಇಲ್ಲ ಎಂಬುದು ನನಗೆ ತಿಳಿದದ್ದು ಆಮೇಲೆ. ಭಾರತೀಯ ವಕೀಲರ ಪರಿಷತ್ತಿನ ನಡತೆಯ ನಿಯಮಗಳಲ್ಲಿ 20ನೆಯದು ಇದನ್ನೇ ಹೇಳುತ್ತದೆ: ಕೇಸಿನ ಫಲಿತಾಂಶಕ್ಕೆ ಗಂಟುಹಾಕಿ ಫೀಸು ಗೊತ್ತುಮಾಡಬಾರದು, ಬಂದ ಹಣದಲ್ಲಿ ಪಾಲು ಕೇಳಬಾರದು. 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಒಂದು ಪ್ರಕರಣ ನಮ್ಮ ಪಕ್ಕದ ತೆಲಂಗಾಣದ್ದು. ರಸ್ತೆ ಅಪಘಾತದಲ್ಲಿ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು 10 ಲಕ್ಷ ಫೀಸು ಕೊಟ್ಟ ಮೇಲೂ ವಕೀಲರು ಇನ್ನೂ 3 ಲಕ್ಷಕ್ಕೆ ಅವಳ ಚೆಕ್ಕು ಪಡೆದಿದ್ದರು. ಅದು ಬೌನ್ಸ್ ಆಯಿತೆಂದು ವಕೀಲರೇ ಅವಳ ಮೇಲೆ ಕೇಸು ಹಾಕಿದ್ದರು. ಸುಪ್ರೀಂ ಕೋರ್ಟು ಆ ಕೇಸನ್ನು ರದ್ದು ಮಾಡಿತು. ಬಂದ ಹಣದ ಮೇಲೆ ಶೇಕಡಾ ಲೆಕ್ಕದಲ್ಲಿ ಫೀಸು ಕೇಳುವುದು ಸಲ್ಲದೆಂದು ಹೇಳಿತು. ತೀರ್ಪು ಬಂದು ಇಷ್ಟು ವರ್ಷವಾದರೂ ನಮ್ಮ ಶೆಡ್ಡುಗಳ ತನಕ ಅದು ನಡೆದು ಬಂದಿಲ್ಲ. ರೈಲಿನಲ್ಲಿ ಬಂದಿದ್ದರೂ ಇಷ್ಟೊತ್ತಿಗೆ ಮುಟ್ಟಬೇಕಿತ್ತು.

ಹಾಗಾದರೆ ಬಡವರು ಕಾನೂನು ಸೇವಾ ಸಮಿತಿಗೆ ಹೋಗಲಿ, ಅಲ್ಲಿ ಪುಕ್ಕಟೆ ಸಿಗುತ್ತದಲ್ಲ ಎಂದು ತಾವು ಕೇಳಬಹುದು. ಸರಿಯಾದ ಪ್ರಶ್ನೆ. ಹಣವಿಲ್ಲದ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದೆಂದು 1976ರಲ್ಲಿ ಸಂವಿಧಾನಕ್ಕೆ 39ಎ ವಿಧಿ ಸೇರಿತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1995ರ ನವೆಂಬರ್ 9ರಿಂದ ಜಾರಿಯಲ್ಲಿದೆ. ಯಾರ್ಯಾರಿಗೆ ಪುಕ್ಕಟೆ ನೆರವು ಎಂದು ಹೇಳುವ ಅದರ 12ನೇ ಕಲಮನ್ನು ಬೋರ್ಡಿಗಾಗಿ ನಾನೇ ಟೈಪ್ ಮಾಡಿಕೊಟ್ಟಿದ್ದೇನೆ, ಬಾಯಿಪಾಠವಿದೆ. ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಜೀತಕ್ಕೆ ಸಿಕ್ಕವರು, ಬಂಧನದಲ್ಲಿರುವವರು, ಪ್ರವಾಹ ಬರಗಾಲಕ್ಕೆ ಸಿಕ್ಕವರು. ಇವರ ಆದಾಯ ಎಷ್ಟೆಂದು ಕೇಳುವ ಹಾಗೇ ಇಲ್ಲ. ಉಳಿದವರಿಗೆ ನಮ್ಮ ರಾಜ್ಯದಲ್ಲಿ ವರ್ಷದ ಆದಾಯ 3 ಲಕ್ಷದ ಒಳಗಿರಬೇಕು. ವಕೀಲರ ಫೀಸಷ್ಟೇ ಅಲ್ಲ, ಕೋರ್ಟ್ ಫೀ, ಸಮನ್ಸ್ ಖರ್ಚು, ನಕಲು ಪ್ರತಿಯ ಖರ್ಚು, ಕಾಗದ ತಯಾರಿಸುವ ಖರ್ಚು ಎಲ್ಲ ಇದರಲ್ಲಿ ಬರುತ್ತದೆ. ಲೆಕ್ಕಕ್ಕೆ ಹಿಡಿದರೆ ನನ್ನ ಟೈಪಿಂಗ್ ದುಡ್ಡೂ ಬರಬೇಕು. ಈವರೆಗೆ ಬಂದಿಲ್ಲ, ಅದಿರಲಿ.

ಇಷ್ಟೆಲ್ಲ ಇದ್ದೂ ಜನ ಬೆಂಡೋಲೆ ಒತ್ತೆಯಿಟ್ಟು ವಕೀಲರನ್ನು ಹಿಡಿಯುತ್ತಾರೆ. ಮಾತಿಗೆ ಹೇಳಿದ್ದಲ್ಲ. ಕಳೆದ ಬೇಸಿಗೆಯಲ್ಲಿ ಜೀವನಾಂಶದ ಅರ್ಜಿ ಟೈಪ್ ಮಾಡಿಸಲು ಬಂದ ಹೆಣ್ಣುಮಗಳ ಕಿವಿಯಲ್ಲಿ ಬೇವಿನ ಕಡ್ಡಿ ಇದ್ದವು. ಬೆಂಡೋಲೆ ತೆಗೆದ ತೂತು ಮುಚ್ಚಿಕೊಳ್ಳದಿರಲಿ ಎಂದು ಹಾಕಿಕೊಳ್ಳುತ್ತಾರಲ್ಲ, ಹಾಗೆ. 15 ಸಾವಿರಕ್ಕೆ ಒತ್ತೆ ಇಟ್ಟಿದ್ದಳು. ಅವಳು ಕೇಳುತ್ತಿದ್ದ ಜೀವನಾಂಶ ತಿಂಗಳಿಗೆ 3 ಸಾವಿರ. “ತಂಗೀ, ನಿನಗ ಪುಕ್ಕಟೆ ವಕೀಲರು ಸಿಗ್ತಾರ, ಹೆಣ್ಣುಮಕ್ಕಳಿಗೆ ಆದಾಯ ಗೀದಾಯ ಏನೂ ಕೇಳಂಗಿಲ್ಲ” ಎಂದೆ. ಅವಳು ನನ್ನ ಮುಖ ನೋಡಿ, “ಬ್ಯಾಡ್ರೀ ಅಣ್ಣಾ. ನನ್ನ ಗಂಡನ ಕಡೆಯವ್ರು ರೊಕ್ಕ ಕೊಟ್ಟು ಇಟ್ಟಾರ. ನಾ ಪುಕ್ಕಟೆ ಇಟ್ರ ನನ್ನ ಮಾತು ಯಾರು ಕೇಳ್ತಾರ?” ಎಂದಳು.

ಆ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಯಾಕೆಂದರೆ ಪ್ಯಾನಲ್ ವಕೀಲರ, ಅಂದರೆ ಪುಕ್ಕಟೆ ಕೇಸುಗಳಿಗೆಂದು ಸಮಿತಿಯ ಪಟ್ಟಿಯಲ್ಲಿರುವ ವಕೀಲರ ಬಿಲ್ಲುಗಳನ್ನೂ ನಾನೇ ಟೈಪ್ ಮಾಡುತ್ತೇನೆ. ಮೂರು ವರ್ಷ ಎಳೆದ ಸಿವಿಲ್ ದಾವೆಗೆ ಅವರು ಕೇಳುವ ಮೊತ್ತ ನೋಡಿ, ಟೈಪಿಂಗ್ ದುಡ್ಡು ಕೇಳಲು ನನಗೇ ನಾಚಿಕೆಯಾದದ್ದುಂಟು. ಆ ಹಣವೂ ಕೇಸು ಮುಗಿದು, ಬಿಲ್ಲು ಮೇಲೆ ಹೋಗಿ, ಅನುದಾನ ಬಂದು, ಯಾವಾಗಲೋ ಬರುತ್ತದೆ. ದೇವದುರ್ಗದ ಕಡೆಯ ಒಬ್ಬ ಹುಡುಗ, ಒಳ್ಳೆಯ ವಕೀಲ, ಪ್ಯಾನಲ್ಲಿನಲ್ಲಿದ್ದಾನೆ. ಒಂದೇ ದಿನ ಎರಡು ಕೋರ್ಟಿನಲ್ಲಿ ಕೇಸಿದ್ದರೆ ಅವನು ಫೀಸು ಕೊಟ್ಟವರ ಕೋರ್ಟಿಗೇ ಹೋಗುತ್ತಾನೆ. ಪುಕ್ಕಟೆಯವರಿಗೆ ಮುಂದಿನ ವಾಯಿದೆ. ಅವನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ರೂಮಿನ ಬಾಡಿಗೆ, ಬೈಕಿನ ಕಂತು ಅವನಿಗೂ ಇದೆ. ಕೇಸು ಗೆದ್ದ ಮೇಲೆ ಫೀಸು ಕೊಡದೆ ಊರು ಬಿಟ್ಟ ಕಕ್ಷಿದಾರರ ಪಟ್ಟಿಯೂ ಅವನ ಹತ್ತಿರ ಇದೆ, ತೋರಿಸಿದ್ದಾನೆ.

ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2010ರಲ್ಲಿ ಮಾಡಿದ ನಿಯಮಾವಳಿಯ ಹೆಸರಿನಲ್ಲಿಯೇ ಎರಡು ಮಾತುಗಳಿವೆ: ಉಚಿತ ಮತ್ತು ಸಮರ್ಥ ಕಾನೂನು ಸೇವೆ. ಮೂರು ವರ್ಷದ ಅನುಭವವಿಲ್ಲದವರನ್ನು ಸಾಮಾನ್ಯವಾಗಿ ಪ್ಯಾನಲ್ಲಿಗೆ ಸೇರಿಸಬಾರದು, ಕೊಟ್ಟ ಕೇಸು ಹೇಗೆ ನಡೆಯುತ್ತಿದೆ ಎಂದು ನೋಡಲು ಒಂದು ಉಸ್ತುವಾರಿ ಸಮಿತಿ ಇರಬೇಕು ಎಂದೆಲ್ಲ ಅದರಲ್ಲಿದೆ. ಉಚಿತ ಎಂಬ ಮಾತನ್ನು ಎಲ್ಲ ಬೋರ್ಡುಗಳ ಮೇಲೂ ದಪ್ಪಕ್ಷರದಲ್ಲಿ ಬರೆಯುತ್ತೇವೆ. ಸಮರ್ಥ ಎಂಬ ಮಾತನ್ನು ಒಂದು ಬೋರ್ಡಿಗೂ ನಾನು ಟೈಪ್ ಮಾಡಿಲ್ಲ.

ಸಂಬಳ ಕೊಟ್ಟು ಇಟ್ಟರೆ ಕೆಲಸ ಹೇಗಾಗುತ್ತದೆ ಎಂಬುದನ್ನು ತಮ್ಮ ಇಲಾಖೆಯೇ ತೋರಿಸುತ್ತಿದೆ. 2022ರ ಯೋಜನೆಯಲ್ಲಿ ಕಾನೂನು ನೆರವು ಅಭಿರಕ್ಷಕರ ಕಚೇರಿಗಳು ಬಂದವು. ಅಲ್ಲಿನ ವಕೀಲರು ಪೂರ್ಣಾವಧಿಯವರು, ಖಾಸಗಿ ಕೇಸು ಹಿಡಿಯುವಂತಿಲ್ಲ. ಆರೋಪಿ ಬಡವನಾದರೆ ರಿಮಾಂಡಿನಿಂದ ಹಿಡಿದು ಅಪೀಲಿನ ತನಕ ಅವರೇ ನೋಡುತ್ತಾರೆ. ನಾನು ಇದನ್ನು ಮೆಚ್ಚಿದವನು. ಆದರೆ ಅದು ಕ್ರಿಮಿನಲ್ ಕೇಸಿಗೆ ಮಾತ್ರ. ಕೈಗೆ ಬೇಡಿ ಬಿದ್ದರೆ ಸಂಬಳದ ವಕೀಲರು ಸಿಗುತ್ತಾರೆ, ಆರು ತಿಂಗಳ ಕೂಲಿ ಬಾಕಿ ಬಿದ್ದರೆ ಸಿಗುವುದಿಲ್ಲ. ಗಂಡ ಹೊರಹಾಕಿದ ಹೆಂಡತಿಗೆ, ಮಿಲ್ಲಿನ ಬೆಲ್ಟಿಗೆ ಕೈ ಕೊಟ್ಟವನಿಗೆ, ಒಂದೇ ಪ್ಲಾಟನ್ನು ಎರಡು ಸಲ ಮಾರಿಸಿಕೊಂಡವನಿಗೆ ಅದೇ ಬಿಲ್ಲಿನ ಪ್ಯಾನಲ್. ದುಡಿಯುವ ಮನೆಗಳು ಕೋರ್ಟಿಗೆ ಬರುವುದೇ ಹೆಚ್ಚಾಗಿ ಇಂಥ ಕೇಸುಗಳಿಗೆ. ಬಳ್ಳಾರಿಯಲ್ಲಿ ಪೀಸ್ ಲೆಕ್ಕಕ್ಕೆ ಜೀನ್ಸ್ ಹೊಲಿಯುವವರು, ಕೊಪ್ಪಳದ ಗಿಣಿಗೇರಿ ಕಡೆ ಕಾರ್ಖಾನೆಗಳಲ್ಲಿ ಗುತ್ತಿಗೆದಾರನ ಕೈಕೆಳಗೆ ಇರುವವರು, ನಮ್ಮ ಕಡೆ ಇಟ್ಟಿಗೆ ಭಟ್ಟಿಯವರು. ಇವರ ಎದುರು ನಿಲ್ಲುವ ಮಾಲೀಕನಿಗೆ, ಇನ್ಶೂರೆನ್ಸ್ ಕಂಪನಿಗೆ ವರ್ಷವಿಡೀ ಕಾಯಂ ವಕೀಲರು. ಮೂರೂ ಜಿಲ್ಲೆಗಳಲ್ಲಿ ಕೂಲಿ, ಪರಿಹಾರ, ಸಂಸಾರದ ಕೇಸುಗಳಿಗೆಂದೇ ಒಂದೊಂದು ಸಂಬಳದ ಕಚೇರಿ ಮಾಡಿ ನೋಡಿ. ಮೊದಲು ನಾಲ್ಕೈದು ವಕೀಲರಿದ್ದರೂ ಸಾಕು.

ಇನ್ನು 3 ಲಕ್ಷದ ಗೆರೆಯ ಮಾತು. ತಿಂಗಳಿಗೆ 25 ಸಾವಿರ. ಶಕ್ತಿನಗರದಿಂದ ಹಾರುಬೂದಿ ಸಾಗಿಸುವ ಟ್ಯಾಂಕರಿನ ಡ್ರೈವರೊಬ್ಬರು ನನಗೆ ಗೊತ್ತು. ಭತ್ಯೆ ಸೇರಿ 27 ಸಾವಿರ ಬರುತ್ತದೆ. ಪರಿಶಿಷ್ಟರಲ್ಲ. ಊರ ಹೊರಗೆ ಒಂದು ಪ್ಲಾಟಿಗೆ ಬಾಂಡ್ ಪೇಪರಿನ ಮೇಲೆ ದುಡ್ಡು ಕೊಟ್ಟು ಮೋಸಹೋದರು. ಪುಕ್ಕಟೆ ವಕೀಲರಿಗೆ ಅವರು ಶ್ರೀಮಂತರು, ಖಾಸಗಿ ವಕೀಲರಿಗೆ ಬಡವರು. ಮೊದಲ ಕಂತು 20 ಸಾವಿರ ಕೇಳಿದಾಗ ಫೈಲು ಮಡಚಿಕೊಂಡು ಹೋದವರು ಮತ್ತೆ ಬರಲಿಲ್ಲ. ಅವರು ಪುಕ್ಕಟೆ ಕೇಳಲಿಲ್ಲ. ತಿಂಗಳಿಗೆ 1,500ರಂತೆ ಕೊಡುತ್ತೇನೆ ಎಂದರು. ಫ್ರಿಜ್ಜು, ಬೈಕು, ಮೊಬೈಲು ಎಲ್ಲದಕ್ಕೂ ಕಂತಿದೆ, ವಕೀಲರಿಗೆ ಮಾತ್ರ ಇಲ್ಲ.

ಗೆರೆಯ ಸ್ವಲ್ಪ ಮೇಲಿರುವ ಇಂಥ ಮನೆಗಳಿಗೆ ಪ್ರಾಧಿಕಾರದ ಮೂಲಕವೇ ಇನ್ನೊಂದು ಪ್ಯಾನಲ್ ಯಾಕೆ ಇರಬಾರದು? ಕೇಸಿನ ಬಗೆ ನೋಡಿ ಗೊತ್ತುಮಾಡಿದ ಫೀಸು, ಅದು ಗೋಡೆಯ ಮೇಲೆ ಬರೆದಿರಲಿ. ಕಕ್ಷಿದಾರ ಕಂತು ಕಂತಾಗಿ ಪ್ರಾಧಿಕಾರದ ಖಾತೆಗೆ ಕಟ್ಟಲಿ. ವಕೀಲರಿಗೆ ಕೇಸಿನ ಹಂತ ಮುಗಿದಂತೆ ಅಲ್ಲಿಂದ ಹೋಗಲಿ. ವಕೀಲರಿಗೆ ದುಡ್ಡು ಮುಳುಗುವ ಭಯವಿಲ್ಲ, ಇವರಿಗೆ ಮಾತು ತಪ್ಪುವ ಭಯವಿಲ್ಲ. ನಮ್ಮ ದೇವದುರ್ಗದ ಹುಡುಗ ಇಂಥ ಪ್ಯಾನಲ್ಲಿಗೆ ಮೊದಲ ದಿನವೇ ಅರ್ಜಿ ಹಾಕುತ್ತಾನೆ, ಕೇಳಿದ್ದೇನೆ.

ಗೆರೆಯ ಕೆಳಗಿದ್ದವರನ್ನೂ ಓಡಾಡಿಸುವುದುಂಟು. ಆದಾಯ ಪ್ರಮಾಣಪತ್ರ ತಾ ಎನ್ನುತ್ತಾರೆ. ಅದಕ್ಕೆ ನಾಡಕಚೇರಿಗೆ ಹೋಗಬೇಕು, ಸರ್ವರ್ ಇರಬೇಕು, ಗ್ರಾಮ ಆಡಳಿತ ಅಧಿಕಾರಿ ಸಿಗಬೇಕು. ಎರಡು ದಿನದ ಕೂಲಿ ಹೋಗುತ್ತದೆ. ಆದರೆ ಅದೇ ಕಾಯ್ದೆಯ 13ನೇ ಕಲಮಿನ ಪ್ರಕಾರ, ಅನುಮಾನಕ್ಕೆ ಕಾರಣವಿಲ್ಲದಿದ್ದರೆ, ಆದಾಯಕ್ಕೆ ಅರ್ಜಿದಾರನ ಅಫಿಡವಿಟ್ಟೇ ಸಾಕು. ಅರ್ಧ ಪುಟದ ಕಾಗದ. ಐದು ನಿಮಿಷದಲ್ಲಿ ಟೈಪ್ ಮಾಡಿಕೊಡುತ್ತೇನೆ. ಹೆಣ್ಣುಮಕ್ಕಳನ್ನು ರೇಷನ್ ಕಾರ್ಡು ಕೇಳಿ ವಾಪಸ್ ಕಳಿಸಿದ್ದನ್ನೂ ನೋಡಿದ್ದೇನೆ, ಅದಂತೂ ಬರೀ ಅಜ್ಞಾನ. ಒಂದು ಸುತ್ತೋಲೆ ಕಳಿಸಿದರೆ ನಿಲ್ಲುತ್ತದೆ.

ಕೋರ್ಟಿಗೆ ಬರುವ ಒಂದು ದಿನದ ಖರ್ಚು ಎಷ್ಟೆಂದು ಬೆಂಗಳೂರಿನಲ್ಲಿ ಕೂತು ಲೆಕ್ಕ ಹಾಕುವುದು ಕಷ್ಟ. ಹಮಾಲಿಗೆ ಆ ದಿನದ ಕೂಲಿ ಇಲ್ಲ. ಊರಿಂದ ಟಂಟಂ, ಆಮೇಲೆ ಬಸ್ಸು. ಜೊತೆಗೆ ಬಂದ ಸಾಕ್ಷಿಗೆ ಊಟ, ಅವನ ಕೂಲಿಯನ್ನೂ ಇವನೇ ಕೊಡಬೇಕು. ಗುಮಾಸ್ತನ ಕೈಗೆ ನೂರು. ಮೂರು ಗಂಟೆಗೆ ಕರೆಯುತ್ತಾರೆ, ಮುಂದಿನ ತಿಂಗಳ ತಾರೀಖು ಹೇಳುತ್ತಾರೆ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳು ಆಧಾರ್ ಕಾರ್ಡು ಹಿಡಿದು ತಾವೇ ಬರುತ್ತಿದ್ದಾರೆ, ಗಂಡಸರ ಜೊತೆ ಕಾಯುವುದಿಲ್ಲ. ಇದನ್ನು ಯಾರೂ ಬರೆದದ್ದು ನೋಡಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬಸ್ಸು ಪುಕ್ಕಟೆ ಆಯಿತು, ವಾಯಿದೆ ಇನ್ನೂ ಆಗಿಲ್ಲ.

ಮಸ್ಕಿ, ಲಿಂಗಸುಗೂರು, ದೇವದುರ್ಗದ ಕಡೆಯಿಂದ ಗುಳೆ ಹೋಗುವವರ ಪಾಡು ಬೇರೆಯೇ. ಬೆಂಗಳೂರಿನ ಯಾವುದೋ ಕಟ್ಟಡದ ನಾಲ್ಕನೇ ಮಹಡಿಯ ಮೇಲೆ ಇರುವವನಿಗೆ ತಾರೀಖು ಯಾವತ್ತೆಂದು ಯಾರು ಹೇಳಬೇಕು? ಕೋರ್ಟಿನ ಕಂಪ್ಯೂಟರ್ ಕಕ್ಷಿದಾರನ ಮೊಬೈಲಿಗೇ ಸಂದೇಶ ಕಳಿಸುವ ವ್ಯವಸ್ಥೆ ಇದೆ. ಪ್ರತಿ ಕೇಸಿಗೂ 16 ಅಕ್ಷರ-ಅಂಕಿಗಳ ಒಂದು ಸಿಎನ್‌ಆರ್ ಸಂಖ್ಯೆ ಇದೆ, ಅದನ್ನು ಫೋನಿನಲ್ಲಿ ಹಾಕಿದರೆ ಮುಂದಿನ ತಾರೀಖು ಕಾಣಿಸುತ್ತದೆ. ಆದರೆ ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ಕಕ್ಷಿದಾರನ ಮೊಬೈಲ್ ಸಂಖ್ಯೆ ಎಂಬ ಕಡೆ ಎಷ್ಟೋ ಸಲ ನಾನೇ ವಕೀಲರ ಸಂಖ್ಯೆ ಹಾಕಿದ್ದೇನೆ. ಅವರು ಹಾಗೆ ಹೇಳುತ್ತಾರೆ, ನಾನು ಹಾಗೆ ಹೊಡೆಯುತ್ತೇನೆ. ಸಂದೇಶ ಬರುವುದು ವಕೀಲರಿಗೆ, ವಾರಂಟು ಬರುವುದು ಗುಳೆ ಹೋದವನಿಗೆ. ಹೋದ ಯುಗಾದಿಗೆ ಊರಿಗೆ ಬಂದ ಒಬ್ಬ ಹುಡುಗನನ್ನು ಹಬ್ಬದ ಮರುದಿನವೇ ಪೊಲೀಸರು ಹಿಡಿದು ತಂದರು. ಅವನ ಕಾಗದದಲ್ಲಿ ಸಂಖ್ಯೆ ಟೈಪ್ ಮಾಡಿದವನು ನಾನೇ. ಅಂದಿನಿಂದ ಕಕ್ಷಿದಾರನ ಸಂಖ್ಯೆ ಕೇಳದೆ ಹೊಡೆಯುವುದನ್ನು ಬಿಟ್ಟಿದ್ದೇನೆ. ಸಿಎನ್‌ಆರ್ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದೂ ಕೊಡುತ್ತೇನೆ. ಇದರಿಂದ ಒಬ್ಬಿಬ್ಬರು ವಕೀಲರಿಗೆ ನನ್ನ ಮೇಲೆ ಬೇಸರವಿದೆ.

ಅಪೀಲಿನ ಕಥೆ ಚಿಕ್ಕದಾಗಿ ಹೇಳುತ್ತೇನೆ. 2008ರಲ್ಲಿ ಧಾರವಾಡ, ಕಲಬುರಗಿಯಲ್ಲಿ ಹೈಕೋರ್ಟಿನ ಪೀಠಗಳು ಬಂದದ್ದು ನಮ್ಮ ಭಾಗಕ್ಕೆ ಸಣ್ಣ ಉಪಕಾರವಲ್ಲ. ರಾಯಚೂರಿನವರಿಗೆ ಕಲಬುರಗಿ, ಕೊಪ್ಪಳ ಬಳ್ಳಾರಿಯವರಿಗೆ ಧಾರವಾಡ. ಆದರೂ ಅಪಘಾತದ ಪರಿಹಾರದಲ್ಲಿ ಕಂಪನಿಯವರು 25 ಸಾವಿರ ಅಥವಾ ಮೊತ್ತದ ಅರ್ಧ, ಯಾವುದು ಕಡಿಮೆಯೋ ಅದನ್ನು ಕಟ್ಟಿ ಮೇಲೆ ಹೋಗಬಹುದು. ಇಲ್ಲಿ ಗೆದ್ದ ವಿಧವೆ ಅಲ್ಲಿ ಮತ್ತೆ ಹೊಸ ವಕೀಲರನ್ನು, ಹೊಸ ಫೀಸನ್ನು ಹುಡುಕಬೇಕು. ಎರಡೂ ಕಡೆ ಹೈಕೋರ್ಟಿನ ಕಾನೂನು ಸೇವಾ ಸಮಿತಿಗಳಿವೆ. ಅದನ್ನು ತಿಳಿಸಿ ಫೈಲನ್ನು ಅಲ್ಲಿಗೆ ಕಳಿಸಿಕೊಡುವ ಕೆಲಸವನ್ನು ತಾಲೂಕಿನ ಸಮಿತಿಯೇ ಮಾಡಿದರೆ ಅವಳು ಆ ಊರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು ವಕೀಲರ ಮನೆ ಕೇಳುವುದು ತಪ್ಪುತ್ತದೆ.

ಲೋಕ ಅದಾಲತ್ತಿನ ವಿಷಯ ಬಂದರೆ ನನಗೆ ಎರಡು ಮನಸ್ಸು. ಕೋರ್ಟ್ ಫೀ ವಾಪಸ್ ಬರುತ್ತದೆ, ಒಂದೇ ದಿನಕ್ಕೆ ಮುಗಿಯುತ್ತದೆ. ಅಣ್ಣತಮ್ಮಂದಿರು ಅಳುತ್ತಾ ಕೈ ಹಿಡಿದು ಹೋದದ್ದನ್ನೂ ನೋಡಿದ್ದೇನೆ. ಆದರೆ ಅಲ್ಲಿ ಆದ ರಾಜಿಯ ಮೇಲೆ ಅಪೀಲು ಇಲ್ಲ. ಆ ಮಾತನ್ನು ಸಹಿಗೆ ಮೊದಲು ಬಿಡಿಸಿ ಹೇಳುವವರು ಕೂಲಿಕಾರನ ಪಕ್ಕದಲ್ಲಿ ಯಾರಾದರೂ ಇರಬೇಕು. ಕಂಪನಿಯ ಪಕ್ಕದಲ್ಲಿ ಅದರ ವಕೀಲರು ಇದ್ದೇ ಇರುತ್ತಾರೆ.

ವಕೀಲ ಬಾಂಧವರೇ, ಗೆದ್ದವ ಸೋತ, ಸೋತವ ಸತ್ತ ಎಂದು ಕೋರ್ಟಿನ ಬಗ್ಗೆ ಜನ ಅನ್ನುವ ಗಾದೆ ನಿಮಗೂ ಬೇಸರ ತರುತ್ತದೆಂದು ಗೊತ್ತು. ನಿಮ್ಮ ಫೈಲುಗಳಿಂದಲೇ ನನ್ನ ಇಬ್ಬರು ಮಕ್ಕಳು ಓದಿದ್ದಾರೆ. ಫೀಸು ಕಡಿಮೆ ಮಾಡಿ ಎಂದು ಕೇಳುವ ಹಕ್ಕು ನನಗಿಲ್ಲ, ಕೇಳುತ್ತಲೂ ಇಲ್ಲ. ಎಷ್ಟೆಂದು ಮೊದಲೇ ಹೇಳಿ, ಬರೆದು ಹೇಳಿ, ತೆಗೆದುಕೊಂಡದ್ದಕ್ಕೆ ರಸೀದಿ ಕೊಡಿ. ಗುಮಾಸ್ತನ ದುಡ್ಡು ಅದರಲ್ಲಿ ಸೇರಿದೆಯೋ ಇಲ್ಲವೋ, ಅಪೀಲಾದರೆ ಬೇರೆಯೋ, ಕಂತಿಗೆ ಒಪ್ಪುತ್ತೀರೋ, ಅದನ್ನೂ ಬರೆಯಿರಿ. ದರ ಬಾಗಿಲ ಮೇಲೆ ಬರೆದಿದ್ದರೆ ಬರುವವರು ಕಡಿಮೆಯಾಗುತ್ತಾರೆಂಬ ಹೆದರಿಕೆ ಬೇಡ. ಈಗ ಹೆದರಿ ಬಾರದೆ ಇರುವವರೇ ಹೆಚ್ಚು. ಅವರು ಊರಿನ ದೊಡ್ಡವರ ಕಟ್ಟೆಯ ಮೇಲೆ, ಇಲ್ಲವೇ ಠಾಣೆಯ ಪೇದೆಯ ಮುಂದೆ ನ್ಯಾಯ ಮುಗಿಸಿಕೊಳ್ಳುತ್ತಿದ್ದಾರೆ. ಅಲ್ಲಿಯೂ ಫೀಸಿದೆ.

ಅಧ್ಯಕ್ಷರೇ, ಇನ್ನೊಂದು ಸಣ್ಣ ಕೋರಿಕೆ ಇದೆ. ತಾಲೂಕು ಸಮಿತಿಯ ಕಚೇರಿ ಕೋರ್ಟಿನ ವೇಳೆಯಲ್ಲಿ ತೆರೆದಿರುತ್ತದೆ, ಅದೇ ಹೊತ್ತಿಗೆ ಕೂಲಿಯ ಕೆಲಸವೂ ಇರುತ್ತದೆ. ವಾರಕ್ಕೆ ಒಂದು ದಿನ ಸಂಜೆ ಎಂಟರ ತನಕ, ಇಲ್ಲವೇ ಸಂತೆಯ ದಿನ, ಒಬ್ಬರು ವಕೀಲರನ್ನು ಕೂಡಿಸಿ. 15100 ಎಂಬ ಸಹಾಯವಾಣಿಯ ಸಂಖ್ಯೆಯನ್ನು ನನ್ನ ಟೇಬಲ್ಲಿನ ಗಾಜಿನ ಕೆಳಗೆ ಅಂಟಿಸಿದ್ದೇನೆ, ಜನ ಫೋಟೋ ಹೊಡೆದುಕೊಳ್ಳುತ್ತಾರೆ. ಆದರೆ ಹೆಚ್ಚಿನವರಿಗೆ ಫೋನಿನಲ್ಲಿ ತಮ್ಮ ಗೋಳು ಹೇಳಲು ಬರುವುದಿಲ್ಲ. ಎದುರಿಗೆ ಮುಖ ಬೇಕು, ಫೈಲು ಬಿಚ್ಚಿ ತೋರಿಸಬೇಕು. ಆ ಫೈಲು ಅಂದರೆ ಸಿಮೆಂಟ್ ಚೀಲದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ನಾಲ್ಕು ಕಾಗದ, ಒಂದು ಫೋಟೋ.

ಫೀಸಿನ ಕಾಗದದ ನಮೂನೆಯೊಂದನ್ನು ಟೈಪ್ ಮಾಡಿ ಈ ಪತ್ರದ ಜೊತೆ ಇಟ್ಟಿದ್ದೇನೆ. ಒಂದೇ ಪುಟ, ಕನ್ನಡದಲ್ಲಿ. ಕೇಸಿನ ಬಗೆ, ಒಟ್ಟು ಫೀಸು, ಕಂತು ಎಷ್ಟು, ಯಾವ್ಯಾವುದು ಸೇರಿಲ್ಲ, ಮುಂದಿನ ತಾರೀಖು ಯಾರ ಮೊಬೈಲಿಗೆ ಹೋಗಬೇಕು, ಕೆಳಗೆ ಎರಡು ಸಹಿ. ಓದಲು ಬಾರದವರಿಗೆ ಓದಿ ಹೇಳಿದವರ ಹೆಸರಿಗೂ ಒಂದು ಸಾಲು ಬಿಟ್ಟಿದ್ದೇನೆ. ತಾವು ಒಪ್ಪಿ ವಕಾಲತ್ತಿನ ಜೊತೆ ಕಡ್ಡಾಯ ಮಾಡಿದರೆ ನಮ್ಮ ಕೋರ್ಟಿನ ಮಟ್ಟಿಗೆ ಆ ಪುಟದ ಟೈಪಿಂಗ್ ದುಡ್ಡು ನಾನು ಯಾರ ಹತ್ತಿರವೂ ತೆಗೆದುಕೊಳ್ಳುವುದಿಲ್ಲ.

ತಮ್ಮ ವಿಶ್ವಾಸಿ,
ಕೋರ್ಟಿನ ಎದುರಿನ ಟೈಪಿಸ್ಟ್,
ರಾಯಚೂರು ಜಿಲ್ಲೆ